ಹನ್ನೆರಡರ ಹುಡುಗಿಯ ಭಾಷಣವನ್ನು ಬಿಡಿಸಿ ನೋಡುವುದು ಹೇಗೆ?

1992ರ ಜೂನ್. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಪರಿಸರದ ಬಗ್ಗೆ ಚರ್ಚಿಸಲು ವಿಶ್ವಸಂಸ್ಥೆಯ ಭೂ ಶೃಂಗಸಭೆ ನಡೆಯುತ್ತಿತ್ತು. ನಾನಾ ದೇಶಗಳ ಪ್ರತಿನಿಧಿಗಳು ಕೂತಿದ್ದ ಸಭೆಯಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಬಂದಿದ್ದ 12 ವರ್ಷದ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತಳು. ಹೆಸರು ಸೆವೆರ್ನ್ ಕಲ್ಲಿಸ್-ಸುಜುಕಿ. ಮಾತಾಡಿದ್ದು ಏಳು ನಿಮಿಷಕ್ಕೂ ಕಡಿಮೆ. ಆ ವಿಡಿಯೊವನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ.

ಭಾಷಣ ಚೆನ್ನಾಗಿದೆ ಅನ್ನುವುದು ಸುಲಭ. ಯಾಕೆ ಚೆನ್ನಾಗಿದೆ ಅಂತ ಹೇಳಲು ಹೊರಟಾಗ ತಡವರಿಸುತ್ತೇವೆ. ಕಾಲೇಜಿನಲ್ಲಿ ಮೊದಲ ಸಲ ಒಂದು ಭಾಷಣದ ವಿಶ್ಲೇಷಣೆ ಬರೆದಾಗ ನಾನು ಉಪಮೆ ಎಷ್ಟು, ಪ್ರಾಸ ಎಷ್ಟು, ಪ್ರಶ್ನೆ ಎಷ್ಟು ಅಂತ ಲೆಕ್ಕ ಹಾಕಿ ಕೊಟ್ಟಿದ್ದೆ. ಮೇಷ್ಟ್ರು ಹಾಳೆಯ ಅಂಚಿನಲ್ಲಿ ಬರೆದದ್ದು ಎರಡೇ ಪದ: 'ಸರಿ, ಅದಕ್ಕೇನೀಗ?' ಸಿಟ್ಟು ಬಂದಿತ್ತು ನಿಜ. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ. ಕೆಳಗಿನ ಪ್ರತಿ ಹಂತದಲ್ಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.

1. ಮೊದಲು ಕೇಳಿ

ಪೆನ್ನು ಕೆಳಗಿಡಿ. ಒಮ್ಮೆ ಸುಮ್ನೆ ಕೇಳಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಮನಸ್ಸು ಬೇರೆಲ್ಲೋ ಹೋಯಿತು ಅನ್ನುವುದಷ್ಟೇ ನೆನಪಿರಲಿ. ಎರಡನೇ ಸಲ ಬರಹದ ರೂಪ ಮುಂದಿಟ್ಟುಕೊಂಡು ಆ ಜಾಗಗಳಿಗೆ ಗುರುತು ಹಾಕಿ.

2. ಯಾರು, ಯಾರಿಗೆ, ಯಾವಾಗ

ಬಿಸಿಲಿನ ಅಪಾಯಕಾರಿ ಕಿರಣಗಳನ್ನು ತಡೆಯುವ ಓಝೋನ್ ಪದರದಲ್ಲಿ, ಅಂಟಾರ್ಕ್ಟಿಕಾದ ಮೇಲೆ, ರಂಧ್ರ ಆಗಿರುವ ಸುದ್ದಿ 1985ರಲ್ಲಿ ಹೊರಬಿತ್ತು. 1992ರ ಹೊತ್ತಿಗೆ ಅದು ಮನೆಮಾತು. ಹಾಗಾಗಿ 'ಬಿಸಿಲಿಗೆ ಹೋಗಲು ಭಯವಾಗುತ್ತದೆ' ಅಂತ ಸೆವೆರ್ನ್ ಹೇಳಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಈ ಹಿನ್ನೆಲೆ ಗೊತ್ತಿಲ್ಲದೆ ಇವತ್ತು ಓದಿದರೆ ಆ ಸಾಲು ಪೇಲವವಾಗಿ ಕಾಣಬಹುದು.

ಇನ್ನು ಮಾತಾಡಿದವಳು. ಅವಳಿಗೆ ಪದವಿ ಇಲ್ಲ, ಮತ ಹಾಕುವ ವಯಸ್ಸೂ ಅಲ್ಲ. ಒಂಬತ್ತನೇ ವಯಸ್ಸಿನಲ್ಲಿ ಗೆಳತಿಯರ ಜೊತೆ ಮಕ್ಕಳದ್ದೇ ಒಂದು ಪರಿಸರ ಗುಂಪು ಕಟ್ಟಿದ್ದಳು, ಅಷ್ಟೇ. ಭಾಷಣದ ಶುರುವಿನಲ್ಲೇ ಹೇಳುತ್ತಾಳೆ: ಇಲ್ಲಿಗೆ ಬರಲು ದುಡ್ಡನ್ನು ನಾವೇ ಹೊಂದಿಸಿಕೊಂಡೆವು, ನನಗೆ ಬೇರೆ ಯಾವ ಒಳ ಉದ್ದೇಶವೂ ಇಲ್ಲ. ಅದಕ್ಕೇನೀಗ? ಸುತ್ತ ಕೂತವರನ್ನು ಅವರವರ ಸರ್ಕಾರವೋ ಸಂಸ್ಥೆಯೋ ಕಳಿಸಿದೆ. ಇವಳನ್ನು ಯಾರೂ ಕಳಿಸಿಲ್ಲ. ನಂಬಿಕೆ ಹುಟ್ಟುವುದು ಅಲ್ಲಿ. ಗ್ರೀಕರ ಅರಿಸ್ಟಾಟಲ್ ಇದನ್ನು ಎಥೋಸ್ ಅಂತ ಕರೆದ. ಭಾವನೆಗೆ ಪೇಥೋಸ್, ತರ್ಕಕ್ಕೆ ಲೋಗೋಸ್. ಹೆಸರು ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸವೇನೂ ನಿಲ್ಲುವುದಿಲ್ಲ.

3. ನಾನು, ನೀವು, ನಾವು

ಮೂರು ಬಣ್ಣದ ಪೆನ್ನು ತೆಗೆದುಕೊಂಡು ಈ ಮೂರು ಪದಗಳಿಗೆ ಬೇರೆ ಬೇರೆ ಗೆರೆ ಎಳೆಯಿರಿ. ಮೊದಲು 'ನಾನು' ಜಾಸ್ತಿ. ಅಪ್ಪನ ಜೊತೆ ವ್ಯಾಂಕೂವರ್‌ನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದೆ, ಆಮೇಲೆ ಆ ಮೀನುಗಳ ಮೈತುಂಬ ಕ್ಯಾನ್ಸರ್ ಗಡ್ಡೆ ಕಂಡಿತು ಅನ್ನುತ್ತಾಳೆ. ಆಮೇಲೆ 'ನೀವು' ಬರುತ್ತದೆ, ಆದರೆ ಒಂದೇ ಅರ್ಥದಲ್ಲಿ ಉಳಿಯುವುದಿಲ್ಲ. ನೀವು ಪ್ರತಿನಿಧಿಗಳು, ವ್ಯಾಪಾರಿಗಳು, ಪತ್ರಕರ್ತರು, ರಾಜಕಾರಣಿಗಳು ಇರಬಹುದು. ನಿಜವಾಗಿ ನೀವು ಅಪ್ಪ-ಅಮ್ಮ, ಅಣ್ಣ-ತಂಗಿ, ಚಿಕ್ಕಪ್ಪ-ಚಿಕ್ಕಮ್ಮ. ಮತ್ತೆ ನೀವೆಲ್ಲರೂ ಯಾರದೋ ಮಕ್ಕಳು. ಒಂದೇ ವಾಕ್ಯದಲ್ಲಿ ಅವರ ಕುರ್ಚಿಯನ್ನು ಕೆಳಗಿನಿಂದ ಎಳೆದುಬಿಟ್ಟಳು. ದೇಶದ ಪರವಾಗಿ ಉತ್ತರ ಕೊಡಲು ತಯಾರಾಗಿದ್ದವರು ಮನೆಯ ಹಿರಿಯರಾಗಿ ಉತ್ತರ ಕೊಡಬೇಕಾಯಿತು.

4. ಮತ್ತೆ ಮತ್ತೆ ಬರುವ ಮಾತು

'ನಾನಿನ್ನೂ ಮಗು.' ಈ ಮಾತು ಭಾಷಣದಲ್ಲಿ ನಾಲ್ಕು ಸಲ ಬರುತ್ತದೆ. ವಾಕ್ಯದ ಮೊದಲಲ್ಲಿ ಅದೇ ಪದಗಳು ಮರಳಿ ಬರುವುದಕ್ಕೆ ಅನಾಫೊರಾ ಅಂತ ಹೆಸರಿದೆ. ಹೆಸರು ಬರೆದು ಮುಂದೆ ಹೋಗಬೇಡಿ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ಮಕ್ಕಳು ಮಾತಾಡಿದಾಗ ದೊಡ್ಡವರು ಸಾಮಾನ್ಯವಾಗಿ ಏನು ಹೇಳುತ್ತಾರೆ? 'ನಿನಗೆ ಗೊತ್ತಾಗಲ್ಲ, ನೀನಿನ್ನೂ ಚಿಕ್ಕವಳು.' ಅವರು ಹೇಳುವ ಮೊದಲೇ ಇವಳು ಅದನ್ನು ಹೇಳಿಬಿಟ್ಟಳು. ಎದುರಿನವರ ಕೈಯಲ್ಲಿದ್ದ ಒಂದೇ ಆಕ್ಷೇಪ ಖಾಲಿಯಾಯಿತು. ಮೊದಲ ಸಲ ಈ ಮಾತು ಬಂದಾಗ ಬಾಲವೇ ಚಾಟಿ: ನಾನಿನ್ನೂ ಮಗು, ಎಲ್ಲದಕ್ಕೂ ಪರಿಹಾರ ನನ್ನ ಹತ್ತಿರ ಇಲ್ಲ, ಆದರೆ ನಿಮ್ಮ ಹತ್ತಿರವೂ ಇಲ್ಲ. ಮುಂದಿನ ಮೂರು ಸಲ ಬಾಲ ಬದಲಾಗುತ್ತದೆ: 'ಆದರೂ ನನಗೆ ಗೊತ್ತು.' ಅದೇ ನಾಲ್ಕು ಮಾತು ಅಂದುಕೊಂಡು ಓದಿದರೆ ಈ ತಿರುವು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಪುನರಾವರ್ತನೆ ಇದೆ, ಅದರ ಕೆಲಸವೇ ಬೇರೆ. ತನ್ನ ದೇಶದ ಬಗ್ಗೆ ಹೇಳುವಾಗ 'ಕೊಳ್ಳುತ್ತೇವೆ, ಬಿಸಾಡುತ್ತೇವೆ' ಅನ್ನುವುದನ್ನು ಮೂರು ಸಲ ಹೇಳುತ್ತಾಳೆ. ಕೇಳುವವರಿಗೆ ಮೂರನೇ ಸಲಕ್ಕೆ ಸಾಕಾಗಿಹೋಗುತ್ತದೆ. ಸಾಕಾಗಬೇಕು ಅಂತಲೇ ಅದು ಇರುವುದು.

5. ಒಂದೇ ಭಾಗವನ್ನು ನಿಧಾನವಾಗಿ ಓದಿ

ಇಡೀ ಭಾಷಣಕ್ಕೆ ಕೈ ಹಾಕಬೇಡಿ. ಐದಾರು ಸಾಲು ಆರಿಸಿಕೊಳ್ಳಿ. ನಾನಾದರೆ ಇದನ್ನು ಆರಿಸುತ್ತೇನೆ: ಓಝೋನ್ ರಂಧ್ರ ಮುಚ್ಚುವುದು ನಿಮಗೆ ಗೊತ್ತಿಲ್ಲ. ಸತ್ತ ಹೊಳೆಗೆ ಸಾಲ್ಮನ್ ಮೀನನ್ನು ಮರಳಿ ತರುವುದು ಗೊತ್ತಿಲ್ಲ. ಅಳಿದುಹೋದ ಪ್ರಾಣಿಯನ್ನು ಮರಳಿ ತರುವುದು ಗೊತ್ತಿಲ್ಲ. ಈಗ ಮರುಭೂಮಿ ಆಗಿರುವ ಕಡೆ ಹಿಂದೆ ಇದ್ದ ಕಾಡನ್ನು ನೀವು ಮರಳಿ ತರಲಾರಿರಿ. ಸರಿಮಾಡಲು ಗೊತ್ತಿಲ್ಲದಿದ್ದರೆ, ದಯವಿಟ್ಟು ಮುರಿಯುವುದನ್ನು ನಿಲ್ಲಿಸಿ.

ಮೂರು ಸಲ 'ಗೊತ್ತಿಲ್ಲ', ನಾಲ್ಕನೆಯದು 'ಆಗದು'. ಗೊತ್ತಿಲ್ಲದ್ದನ್ನು ಕಲಿಯಬಹುದು, ಆಗದ್ದಕ್ಕೆ ಏನು ಮಾಡುವುದು? ಬಾಗಿಲು ಪೂರ್ತಿ ಮುಚ್ಚಿದ ಮೇಲೆ ಕೊನೆಯ ವಾಕ್ಯ ಬರುತ್ತದೆ. ಅದರ ಪದಗಳನ್ನು ಗಮನಿಸಿ. ಆಟಿಕೆ ಹಾಳುಮಾಡಿದ ಮಗುವಿಗೆ ದೊಡ್ಡವರು ಹೇಳುವ ಬುದ್ಧಿಮಾತು ಅದು, ಅಲ್ವಾ? ಇಲ್ಲಿ ಮಗುವೇ ದೊಡ್ಡವರಿಗೆ ಹೇಳುತ್ತಿದೆ. ಮುಂದೆ ಶಿಶುವಿಹಾರದ ಪಾಠಗಳನ್ನು ಪಟ್ಟಿ ಮಾಡುವಾಗಲೂ ಇದೇ ಪಟ್ಟು. ಜಗಳ ಆಡಬೇಡಿ, ಗಲೀಜು ಮಾಡಿದರೆ ನೀವೇ ತೆಗೆಯಿರಿ, ಹಂಚಿಕೊಳ್ಳಿ, ದುರಾಸೆ ಬೇಡ ಅಂತ ನಮಗೆ ಕಲಿಸುತ್ತೀರಿ ಅನ್ನುತ್ತಾಳೆ. ಎಲ್ಲದಕ್ಕೂ ತಲೆಯಾಡಿಸುತ್ತಾ ಹೋಗುತ್ತೇವೆ. ಆಮೇಲೆ ಪ್ರಶ್ನೆ: ಹಾಗಾದರೆ ಮಾಡಬೇಡಿ ಅಂದಿದ್ದನ್ನೇ ನೀವು ಹೋಗಿ ಯಾಕೆ ಮಾಡುತ್ತೀರಿ?

6. ಸಡಿಲ ಜಾಗವನ್ನೂ ಹುಡುಕಿ

ಹುಡುಗಿ ಚಿಕ್ಕವಳು ಅಂತ ರಿಯಾಯಿತಿ ಕೊಡಬೇಡಿ. ಹಾಗೆ ಕೊಟ್ಟರೆ 'ನಾನಿನ್ನೂ ಮಗು' ಅನ್ನುವ ಮಾತು ನಿಮ್ಮ ಮೇಲೂ ಕೆಲಸ ಮಾಡಿದೆ ಅಂತ ಅರ್ಥ. ಭೂಮಿಯ ಮೇಲೆ 3 ಕೋಟಿ ಬಗೆಯ ಜೀವಿಗಳಿವೆ ಅನ್ನುತ್ತಾಳೆ. ಅದು ಅಂದಾಜು. ಹೆಸರಿಟ್ಟು ದಾಖಲಿಸಿರುವುದು ಇವತ್ತಿಗೂ ಸುಮಾರು 20 ಲಕ್ಷ. 2011ರ ಒಂದು ಅಂದಾಜು 87 ಲಕ್ಷ ಅನ್ನುತ್ತದೆ. ಅಪ್ಪನ ಜೊತೆ ಕಂಡ ಮೀನು ಸಾಕ್ಷಿಯಾಗಿ ಮನಸ್ಸಿಗೆ ತಟ್ಟುತ್ತದೆ, ಅಂಕಿಅಂಶದ ಜಾಗದಲ್ಲಿ ನಿಲ್ಲುವುದಿಲ್ಲ. ಯುದ್ಧದ ದುಡ್ಡನ್ನೆಲ್ಲ ಪರಿಸರಕ್ಕೂ ಬಡತನ ನೀಗಿಸಲಿಕ್ಕೂ ಹಾಕಿದ್ದರೆ ಅನ್ನುವ ಮಾತು ಆಸೆ, ವಾದವಲ್ಲ.

ಓಝೋನ್ ವಿಷಯ ಮಾತ್ರ ತಮಾಷೆಯಾಗಿದೆ. ರಂಧ್ರಕ್ಕೆ ಹೊರಗಿನಿಂದ ತೇಪೆ ಹಾಕುವುದು ಯಾರಿಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರುವಾಗಿ ಈ ಪದರವನ್ನು ಹಾಳುಮಾಡುವ ಸಿಎಫ್‌ಸಿ ಅನಿಲಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಪದರ ತಾನಾಗಿ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕಾದ ಮೇಲೆ ಅದು 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಅಂತ 2022ರ ವಿಶ್ವಸಂಸ್ಥೆ ಬೆಂಬಲಿತ ವರದಿ ಅಂದಾಜಿಸಿತು. ಅಂದರೆ ಓಝೋನ್ ವಿಷಯದಲ್ಲಿ ಆದದ್ದು ಹುಡುಗಿ ಹೇಳಿದ್ದೇ: ಮುರಿಯುವುದನ್ನು ನಿಲ್ಲಿಸಿದರು.

7. ಬರೆಯಲು ಕೂತಾಗ

'ಸೆವೆರ್ನ್ ಅನಾಫೊರಾ ಬಳಸಿದ್ದಾಳೆ' ಅಂತ ಬರೆದರೆ ಮೇಷ್ಟ್ರ ಎರಡು ಪದ ಗ್ಯಾರಂಟಿ. ಹೀಗೆ ಬರೆಯಿರಿ: 'ವಾಕ್ಯದ ಮೊದಲಲ್ಲೇ ನಾನಿನ್ನೂ ಮಗು ಅಂತ ಮತ್ತೆ ಮತ್ತೆ ತಾನೇ ಒಪ್ಪಿಕೊಂಡು, ಕೇಳುವ ದೊಡ್ಡವರ ಆಕ್ಷೇಪಕ್ಕೆ ಜಾಗವಿಲ್ಲದಂತೆ ಮಾಡುತ್ತಾಳೆ.' ತಂತ್ರ, ಅದು ಬಂದ ಜಾಗ, ಕೇಳುಗರ ಮೇಲಿನ ಪರಿಣಾಮ, ಮೂರೂ ಒಂದೇ ವಾಕ್ಯದಲ್ಲಿ ಸಿಕ್ಕವು.

ಕೈ ಪಳಗಬೇಕಾದರೆ ಇನ್ನೊಂದು ಭಾಷಣವನ್ನು ಪಕ್ಕದಲ್ಲಿಡಿ. 2019ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಹವಾಮಾನ ಸಭೆಯಲ್ಲಿ 16 ವರ್ಷದ ಗ್ರೇಟಾ ಥುನ್‌ಬರ್ಗ್ ಮಾತಾಡಿದ್ದು ಸರಿಯಾದ ಜೋಡಿ. ಅಲ್ಲಿ ನಾಲ್ಕು ಸಲ ಬರುವುದು 'ನಿಮಗೆಷ್ಟು ಧೈರ್ಯ!' ಅನ್ನುವ ಗದರಿಕೆ. 'ನಾವು ನಿಮ್ಮನ್ನು ಗಮನಿಸುತ್ತಿರುತ್ತೇವೆ' ಅನ್ನುವ ಮೊದಲ ಮಾತಿಗೆ ಸಭೆ ನಕ್ಕು ಚಪ್ಪಾಳೆ ತಟ್ಟಿತು, ಅವಳು ನಗಲಿಲ್ಲ. ಸೆವೆರ್ನ್ ಮುಗಿಸಿದ್ದು 'ದಯವಿಟ್ಟು ನಿಮ್ಮ ಮಾತಿನಂತೆ ನಡೆದುಕೊಳ್ಳಿ' ಅನ್ನುವ ಕೋರಿಕೆಯಿಂದ. ಗ್ರೇಟಾ 'ನಮಗೆ ಮೋಸ ಮಾಡುವುದೇ ನಿಮ್ಮ ಆಯ್ಕೆಯಾದರೆ ಯಾವತ್ತೂ ಕ್ಷಮಿಸುವುದಿಲ್ಲ' ಅಂದಳು. ನಡುವೆ 27 ವರ್ಷ. 'ದಯವಿಟ್ಟು' ಎಲ್ಲಿ ಹೋಯಿತು ಅನ್ನುವುದನ್ನೇ ನಿಮ್ಮ ವಿಶ್ಲೇಷಣೆಯ ಮೊದಲ ವಾಕ್ಯ ಮಾಡಿಕೊಳ್ಳಬಹುದು.