ಉಡುಪಿಯ ಸೈಟಿನಿಂದ ಕ್ಯಾಲಿಫೋರ್ನಿಯಾದ ಕಂಟ್ರಾಕ್ಟರ್ ಲೈಸೆನ್ಸಿಗೆ: ಹೆಣ್ಣುಮಕ್ಕಳು ತಿಳಿದಿರಬೇಕಾದದ್ದು

ಮಂಗಳೂರು, ಉಡುಪಿಯ ಸೈಟುಗಳಲ್ಲಿ ಐದಾರು ವರ್ಷ ದುಡಿದ ಹೆಣ್ಣುಮಕ್ಕಳು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ, ಇಲ್ಲಿ ಎಲ್ಲ ಮೊದಲಿನಿಂದ ಶುರು ಮಾಡಬೇಕೆಂದು ಕೈಚೆಲ್ಲಿಬಿಡುತ್ತಾರೆ. ಹಾಗೇನಿಲ್ಲ. ಊರಿನ ಅನುಭವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಕಾಗದದಲ್ಲಿದ್ದರೆ. ಆ ಕಾಗದವನ್ನು ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲೇ ಮಾಡಿಸಿಕೊಳ್ಳಿ.

ಸಾಮಾನು, ಕೂಲಿ ಎಲ್ಲ ಸೇರಿ 1,000 ಡಾಲರ್ ಮುಟ್ಟುವ ಯಾವ ಕಟ್ಟಡ ಕೆಲಸಕ್ಕೂ ಇಲ್ಲಿ ರಾಜ್ಯದ ಕಂಟ್ರಾಕ್ಟರ್ ಬೋರ್ಡಿನ ಲೈಸೆನ್ಸ್ ಬೇಕು. 2025ಕ್ಕೆ ಮೊದಲು ಈ ಮಿತಿ 500 ಇತ್ತು. ಪರ್ಮಿಟ್ ಬೇಕಾದ ಕೆಲಸವಾದರೆ, ಅಥವಾ ಒಬ್ಬ ಆಳನ್ನಿಟ್ಟುಕೊಂಡರೂ, ಮೊತ್ತ ಈ ಮಿತಿಗಿಂತ ಕಡಿಮೆಯಿದ್ದರೂ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇಲ್ಲದೆ ಮಾಡಿದ ಕೆಲಸಕ್ಕೆ ಕೋರ್ಟಿನಲ್ಲಿ ದುಡ್ಡು ಕೇಳುವಂತಿಲ್ಲ. ಕೆಲಸ ಮಾಡಿಸಿದ ಮನೆ ಮಾಲೀಕರು ಈಗಾಗಲೇ ಕೊಟ್ಟದ್ದನ್ನೂ ವಾಪಸ್ ಕೇಳಬಹುದು. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ದುಡಿಯುವ ಹಕ್ಕು ಬರುವುದಿಲ್ಲ: ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವಂಥದ್ದು) ಇರುವವರಿಗೆ ಕೆಲಸದ ಅನುಮತಿ ಕಾರ್ಡ್ ಬೇರೆಯೇ ಬೇಕು.

ಅರ್ಜಿಗೆ ಕಳೆದ 10 ವರ್ಷಗಳಲ್ಲಿ 4 ವರ್ಷ ಪೂರ್ಣಾವಧಿ ಅನುಭವ ಇರಬೇಕು. ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಕುಶಲಕರ್ಮಿ, ಫೋರ್‌ಮನ್, ಸೂಪರ್‌ವೈಸರ್ ಅಥವಾ ಕಂಟ್ರಾಕ್ಟರ್ ಆಗಿ ಮಾಡಿದ್ದು ನಡೆಯುತ್ತದೆ; ಹೆಲ್ಪರ್ ಆಗಿ ಮಾಡಿದ್ದು ನಡೆಯುವುದಿಲ್ಲ. ಸಂಬಂಧಪಟ್ಟ ಎಂಜಿನಿಯರಿಂಗ್ ಡಿಗ್ರಿಗೆ ಗರಿಷ್ಠ 3 ವರ್ಷದ ವಿನಾಯಿತಿ ಇದೆ, ಆದರೆ ಒಂದು ವರ್ಷವಾದರೂ ಸೈಟಿನಲ್ಲೇ ಕಳೆದಿರಬೇಕು.

ಹೆಚ್ಚಿನವರು ಎಡವುವುದು ಅನುಭವ ಪತ್ರದಲ್ಲಿ. ನಮ್ಮ ಕಂಟ್ರಾಕ್ಟರುಗಳು 'ಇವರ ಕೆಲಸ, ನಡತೆ ತೃಪ್ತಿಕರ' ಎಂದು ಎರಡು ಸಾಲು ಬರೆದು ಸೀಲು ಒತ್ತಿ ಕೊಡುತ್ತಾರೆ. ಅದರಿಂದ ಏನೂ ಸಿಗದು. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಹುದ್ದೆ, ಏನೇನು ಕೆಲಸ ಎಂದು ಬಿಡಿಸಿ ಬರೆಸಿ: ಪಾಯ ಗುರುತು ಹಾಕಿಸಿದ್ದು, ಕಬ್ಬಿಣ ಕಟ್ಟಿಸಿದ್ದು, ಸೆಂಟ್ರಿಂಗ್, ಸ್ಲ್ಯಾಬ್, ಸಾರಣೆ, ಟೈಲ್ಸ್. ಕೆಂಪುಕಲ್ಲು ಅಂದರೆ ಇಲ್ಲಿನವರಿಗೆ ಗೊತ್ತಿಲ್ಲ. 'ಕಲ್ಲಿನ ಗೋಡೆ ಕಟ್ಟುವ ಕೆಲಸ' ಎಂದೇ ಇರಲಿ. ಹಂಚಿನ ಮಾಡಿಗೆ ಮರದ ಪಕ್ಕಾಸು, ರೀಪು ಹೊಡೆಸಿದ್ದರೆ ಅದನ್ನು ಖಂಡಿತ ಬಿಡಬೇಡಿ. ಜನರಲ್ ಬಿಲ್ಡಿಂಗಿನ 'ಬಿ' ಲೈಸೆನ್ಸಿಗೆ ಮರದ ಚೌಕಟ್ಟಿನ ಅನುಭವ ಕೇಳುತ್ತಾರೆ, ನಮ್ಮ ಸ್ಲ್ಯಾಬ್ ಮನೆಗಳಲ್ಲಿ ಅದು ಇಲ್ಲವೇ ಇಲ್ಲ. ಅದಿಲ್ಲದವರು 'ಬಿ'ಗೆ ಹೋಗಿ ಒದ್ದಾಡುವ ಬದಲು ಸಿ-29 ಕಲ್ಲುಕಟ್ಟಡ, ಸಿ-35 ಸಾರಣೆ ಅಥವಾ ಸಿ-54 ಟೈಲ್ಸ್ ಹಿಡಿಯುವುದು ಒಳ್ಳೆಯದು.

ಮಳೆಗಾಲದಲ್ಲಿ ಕೆಲಸ ನಿಂತಿದ್ದರೆ ಆ ತಿಂಗಳುಗಳನ್ನು ಸೇರಿಸಬೇಡಿ. ಸಹಿ ಹಾಕುವವರು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಾಗಿರಬೇಕು. ಬೋರ್ಡಿನವರು ಪುರಾವೆ ಕೇಳಿದರೆ ತೋರಿಸಲು ಪಿಎಫ್ ಪಟ್ಟಿ, ಸಂಬಳ ಜಮೆಯಾದ ಪಾಸ್‌ಬುಕ್, ಪಾಲಿಕೆ ಅಥವಾ ಪಂಚಾಯತಿನ ಕಟ್ಟಡ ಪರವಾನಗಿಯ ಪ್ರತಿ ಜೊತೆಗಿರಲಿ.

ಅರ್ಜಿಗೆ 450 ಡಾಲರ್. ಕಾನೂನು-ವ್ಯವಹಾರದ್ದೊಂದು, ಕಸುಬಿನದ್ದೊಂದು, ಹೀಗೆ ಎರಡು ಪರೀಕ್ಷೆ, ಬೆರಳಚ್ಚು, 25,000 ಡಾಲರಿನ ಬಾಂಡ್ ಎಂಬ ಜಾಮೀನು. ಬಾಂಡ್ ಎಂದರೆ ಅಷ್ಟೂ ದುಡ್ಡು ಇಡುವುದಲ್ಲ, ವರ್ಷಕ್ಕೆ ಅದರ ಸಣ್ಣ ಪಾಲನ್ನು ಪ್ರೀಮಿಯಂ ಆಗಿ ಕಟ್ಟುವುದು. ಮನೆ ರಿಪೇರಿಯ ಕರಾರಿನಲ್ಲಿ ಮುಂಗಡ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಯಾವುದು ಕಡಿಮೆಯೋ ಅಷ್ಟೇ. ಊರಿನ ಹಾಗೆ ಮೊದಲೇ ಅರ್ಧ ದುಡ್ಡು ಕೇಳಿದರೆ ಲೈಸೆನ್ಸಿಗೇ ಕುತ್ತು.

ಮಹಿಳಾ ಮಾಲೀಕತ್ವದ ಕಂಪನಿಗಳಿಗೆ ಫೆಡರಲ್ ಸರ್ಕಾರದ ಗುತ್ತಿಗೆಯಲ್ಲಿ ಮೀಸಲು ಇದೆ. ಒಟ್ಟು ಗುತ್ತಿಗೆಯ ಶೇ. 5 ಅವರಿಗೆ ಹೋಗಬೇಕೆಂಬುದು ಗುರಿ. ಷರತ್ತು ಬಿಗಿ: ಶೇ. 51ರಷ್ಟಾದರೂ ಪಾಲು ಅಮೆರಿಕದ ಪೌರತ್ವವಿರುವ ಮಹಿಳೆಯರದ್ದೇ ಆಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಗಂಡ ನಡೆಸುವ ಕಂಪನಿಯನ್ನು ಹೆಂಡತಿಯ ಹೆಸರಿಗೆ ಬರೆಸುವ ಉಪಾಯ ಇಲ್ಲಿ ನಡೆಯದು. ಅತ್ಯುನ್ನತ ಹುದ್ದೆ ಆಕೆಯದ್ದೇ, ದಿನನಿತ್ಯದ ತೀರ್ಮಾನವೂ ಆಕೆಯದ್ದೇ ಇರಬೇಕು. ಲೈಸೆನ್ಸ್ ಗಂಡನ ಹೆಸರಲ್ಲಿದ್ದು ಕಂಪನಿಯಲ್ಲಿ ಅವರಿಗೆ ಪಾಲೂ ಇದ್ದರೆ, ಹಿಡಿತ ಅವರದ್ದೇ ಎಂದು ಅರ್ಜಿ ತಿರಸ್ಕರಿಸಬಹುದು. ಅದಕ್ಕೇ ಹೇಳುವುದು, ಲೈಸೆನ್ಸ್ ನಿಮ್ಮ ಹೆಸರಲ್ಲೇ ಮಾಡಿಸಿ. ಈ ಮೀಸಲಿಗೆ ಬೇಕಾದ ಫೆಡರಲ್ ಸರ್ಕಾರದ ಪ್ರಮಾಣಪತ್ರಕ್ಕೂ ಅಲ್ಲಿನ ಗುತ್ತಿಗೆದಾರರ ನೋಂದಣಿಗೂ ಶುಲ್ಕವಿಲ್ಲ, ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಮಾಲೀಕರಾದ ಮೇಲೆ ಆಳುಗಳ ಹೊಣೆಯೂ ನಿಮ್ಮದು. ಹೆಲ್ಮೆಟ್, ಹಾರ್ನೆಸ್‌ನಂಥ (ಎತ್ತರದಿಂದ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ) ರಕ್ಷಣಾ ಸಾಮಗ್ರಿ ಪ್ರತಿಯೊಬ್ಬರ ಮೈಗೂ ಸರಿಯಾಗಿ ಹೊಂದಬೇಕೆಂದು 2025ರ ಜನವರಿಯಿಂದ ಫೆಡರಲ್ ನಿಯಮವೇ ಇದೆ. ಸಡಿಲ ಹಾರ್ನೆಸ್‌ನಲ್ಲಿ ಬಿದ್ದರೆ ಪಟ್ಟಿ ಕುತ್ತಿಗೆಗೆ ಜಾರಬಹುದು, ಹಾಗಾಗಿ ಹೆಂಗಸರ ಅಳತೆಯದ್ದನ್ನೇ ತರಿಸಿ. ಕ್ಯಾಲಿಫೋರ್ನಿಯಾದ ನಿಯಮದಂತೆ ಹೆಂಗಸರಿಗೂ ಗಂಡಸರಿಗೂ ಪ್ರತಿ 20 ಜನಕ್ಕೊಂದರಂತೆ ಬೇರೆ ಬೇರೆ ಶೌಚಾಲಯ ಬೇಕು. ಐವರಿಗಿಂತ ಕಡಿಮೆ ಆಳುಗಳಿದ್ದರೆ ಒಳಗಿನಿಂದ ಚಿಲಕ ಹಾಕುವಂಥದ್ದು ಒಂದಿದ್ದರೂ ಆದೀತು. ಊರಿನ ಸೈಟಿನಲ್ಲಿ ಸಂಜೆವರೆಗೆ ನೀರು ಕುಡಿಯದೆ ತಡೆದುಕೊಂಡು ದುಡಿಯುವ ಹೆಂಗಸರನ್ನು ನೀವು ನೋಡಿದ್ದೀರಿ. ನಿಮ್ಮ ಸೈಟಿನಲ್ಲಿ ಶೌಚಾಲಯದ ಬಾಡಿಗೆಯನ್ನು ಎಸ್ಟಿಮೇಟಿನಲ್ಲೇ ಸೇರಿಸಿ, ಕೆಲಸ ಶುರುವಾಗುವ ದಿನವೇ ತಂದು ನಿಲ್ಲಿಸಿ.