ಸಹಪಾತ್ರಕ್ಕೊಂದು ರಾತ್ರಿ ಬರೆದುಕೊಡುವ ಬಗೆ

ಹಾಸ್ಯ ಧಾರಾವಾಹಿಗಳಿಗೆ ಸಂಭಾಷಣೆ ಬರೆಯಲು ತೊಡಗಿ ಹನ್ನೊಂದು ವರ್ಷಗಳಾದವು. ಅಡುಗೆಯವನು, ಡ್ರೈವರ್, ಮಹಡಿಯ ಬಾಡಿಗೆದಾರ, ಹೀಗೆ ಎರಡು ಮಾತಾಡಿ ನಗಿಸಿ ಮರೆಯಾಗುವವರ ಮೇಲೆ ನನಗೆ ಮೊದಲಿನಿಂದಲೂ ಮಮತೆ. ಅಂಥವರೊಬ್ಬರಿಗೆ ಇಡೀ ಕಂತನ್ನೇ ಬರೆಯಬೇಕೆಂದು ಯಾರಾದರೂ ಕೇಳಿದರೆ, ಅಮೆರಿಕದ ‘ಬಫಿ ದ ವ್ಯಾಂಪೈರ್ ಸ್ಲೇಯರ್’ನ ಮೂರನೇ ಸೀಸನ್ನಿನ ಹದಿಮೂರನೇ ಕಂತು ‘ದ ಝೆಪ್ಪೊ’ ನೋಡಿ ಬನ್ನಿ ಎನ್ನುತ್ತೇನೆ. ಬರೆದವರು ಡ್ಯಾನ್ ವೆಬ್ಬರ್. ಮೊದಲು ಪ್ರಸಾರವಾದದ್ದು 1999ರ ಜನವರಿ 26ರಂದು. ಧಾರಾವಾಹಿ ರಕ್ತಪಿಶಾಚಿಗಳನ್ನು ಬೇಟೆಯಾಡುವ ಹುಡುಗಿ ಬಫಿಯದಾದರೂ ಈ ಕಂತು ಅವಳ ಗೆಳೆಯ ಝ್ಯಾಂಡರ್‌ನದು, ಮತ್ತು ಮನಸಾರೆ ನಗಿಸುವಂಥದು.

ಎರಡು ಸಲ ನೋಡಿ. ಎರಡನೇ ಸಲ ಹಾಳೆಯೊಂದನ್ನು ಉದ್ದಕ್ಕೆ ಮಡಚಿ, ಎಡಕ್ಕೆ ಝ್ಯಾಂಡರ್‌ನ ರಾತ್ರಿಯನ್ನೂ ಬಲಕ್ಕೆ ಉಳಿದವರ ರಾತ್ರಿಯನ್ನೂ ಬರೆದುಕೊಳ್ಳಿ. ಬಲಗಡೆ ಲೋಕವೇ ಮುಳುಗಿಹೋಗುವ ಯುದ್ಧ. ಆದರೂ ತೆರೆಯ ಮೇಲೆ ಅದಕ್ಕೆ ಸಿಗುವುದು ತುಣುಕುಗಳಷ್ಟೇ.

ನಿಮ್ಮ ಕಂತನ್ನು ಒಂದು ಸಣ್ಣ ಅವಮಾನದಿಂದ ಶುರು ಮಾಡಿ. ‘ಅವನಿಗೆ ಬೆಲೆಯಿಲ್ಲ’ ಎಂದು ಒನ್‌ಲೈನ್‌ನಲ್ಲಿ, ಅಂದರೆ ಕಂತಿನ ಸಂಕ್ಷಿಪ್ತ ಕಥೆಯಲ್ಲಿ, ಬರೆದರೆ ನಟನ ಕೈಗೆ ಏನೂ ಸಿಗುವುದಿಲ್ಲ. ಝ್ಯಾಂಡರ್‌ಗೆ ಸಿಗುವ ಕೆಲಸ ಡೋನಟ್ ತರುವುದು. ಮೇಲಿಂದ ಹಳೆಯ ಗೆಳತಿ ಕಾರ್ಡೀಲಿಯಾ ಅವನನ್ನು ಝೆಪ್ಪೊ ಎಂದು ಚುಚ್ಚುತ್ತಾಳೆ. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಚಿತ್ರಗಳಲ್ಲಿ ಅಣ್ಣಂದಿರು ನಗಿಸುತ್ತಿದ್ದರೆ ಸಾದಾ ಪಾತ್ರದಲ್ಲಿ ನಿಲ್ಲುತ್ತಿದ್ದ ಕಿರಿಯ ತಮ್ಮ ಈ ಝೆಪ್ಪೊ. ಐದು ಚಿತ್ರಗಳಾದ ಮೇಲೆ ತಂಡವನ್ನೇ ಬಿಟ್ಟ.

ಆಮೇಲೆ ಪಾತ್ರದ ಕೈಗೆ ಒಂದು ವಸ್ತು ಕೊಡಿ. ಝ್ಯಾಂಡರ್ ಚಿಕ್ಕಪ್ಪನ ಹಳೆಯ ಕಾರು ತರುತ್ತಾನೆ. ನಾನು ವಿದ್ಯಾರ್ಥಿಗಳ ಮುಂದೆ ಬಹಳ ಹೊತ್ತು ನಿಲ್ಲುವುದು ಇಲ್ಲಿಯೇ. ಕಾರು ಹೋಗಿ ಜಾಕ್ ಎಂಬ ಪುಂಡನ ಕಾರಿಗೆ ಗುದ್ದುತ್ತದೆ. ಜಾಕ್ ಚಾಕು ಹಿರಿಯುತ್ತಾನೆ. ಪೊಲೀಸರು ಬಂದಾಗ ಝ್ಯಾಂಡರ್ ಅವನನ್ನು ಬಿಟ್ಟುಕೊಡುವುದಿಲ್ಲ. ಅದು ಮೆಚ್ಚಿಗೆಯಾಗಿ ಜಾಕ್ ಗೆಳೆತನ ಬೆಳೆಸುತ್ತಾನೆ, ಸ್ಮಶಾನಕ್ಕೆ ಕರೆದೊಯ್ದು ಸತ್ತ ಸ್ನೇಹಿತರನ್ನು ಎಬ್ಬಿಸುತ್ತಾನೆ. ಅವರ ಓಡಾಟಕ್ಕೆ ಡ್ರೈವರ್ ಬೇಕಲ್ಲ! ಘಟನೆ ಎಷ್ಟೇ ವಿಚಿತ್ರವಾಗಿರಲಿ, ಹಿಂದಿನದರ ಹೊಟ್ಟೆಯಿಂದಲೇ ಹುಟ್ಟಿದೆ. ನಿಮ್ಮ ಸೀನ್ ಆರ್ಡರ್‌ನಲ್ಲಿ ಎರಡು ದೃಶ್ಯಗಳ ನಡುವೆ ‘ಆದ್ದರಿಂದ’ ಎಂದು ಬರೆಯಲಾಗದೆ ‘ಅಷ್ಟರಲ್ಲಿ’ ಎಂದು ಬರೆಯಬೇಕಾಗಿ ಬಂದರೆ ಎರಡನೆಯದನ್ನು ಹೊಡೆದುಹಾಕಿ.

ದೊಡ್ಡ ಕಥೆಯನ್ನು ಬಾಗಿಲ ಸಂದಿಯಿಂದ ತೋರಿಸಿ. ನೆರವು ಬೇಡಿ ಝ್ಯಾಂಡರ್ ಒಳಗೆ ಕಾಲಿಟ್ಟಾಗ ಬಫಿ ಮತ್ತು ಅವಳ ಪ್ರಿಯಕರ ಏಂಜೆಲ್ ಕಣ್ಣೀರಿನ ವಿದಾಯದಲ್ಲಿದ್ದಾರೆ, ಹಿನ್ನೆಲೆ ಸಂಗೀತ ಉಕ್ಕುತ್ತಿದೆ. ಅವನನ್ನು ಕಂಡೊಡನೆ ಸಂಗೀತ ನಿಲ್ಲುತ್ತದೆ. ಅವನು ಹೊರಟ ಮೇಲೆ ಮತ್ತೆ ಏರುತ್ತದೆ. ಇಂಥ ಅರ್ಧ ನಿಮಿಷ ಬರೆಯಬೇಕಾದರೆ ಬಲಗಡೆಯ ಕಥೆ ನಿಮ್ಮ ಟಿಪ್ಪಣಿಯಲ್ಲಿ ಪೂರ್ತಿಯಾಗಿರಬೇಕು. ಬಫಿಯ ಕಣ್ಣೀರು ನಿಜವಾಗಿದ್ದರಷ್ಟೇ ನಡುವೆ ನಿಂತವನ ಪೇಚು ನಗಿಸುತ್ತದೆ.

ಕೊನೆಯ ಗಂಡಾಂತರದಲ್ಲಿ ನಗುವನ್ನು ತಗ್ಗಿಸಿ. ಶಾಲೆಯ ಗ್ರಂಥಾಲಯದಲ್ಲಿ ಗೆಳೆಯರು ರಾಕ್ಷಸರೊಡನೆ ಸೆಣಸುತ್ತಿದ್ದಾರೆ. ನೆಲಮಾಳಿಗೆಯಲ್ಲಿ ಜಾಕ್‌ನ ಬಾಂಬು. ಝ್ಯಾಂಡರ್ ಅದರ ಮುಂದೆ ನಿಂತು ಜಾಕ್‌ನ ದಾರಿಗೆ ಅಡ್ಡವಾಗುತ್ತಾನೆ. ಯಾರ ಧೈರ್ಯ ಮೊದಲು ಕುಸಿಯುತ್ತದೆ ಎಂದು ಕಾಯುತ್ತಾನೆ. ಜಾಕ್ ತಾನೇ ಬಾಂಬನ್ನು ನಿಲ್ಲಿಸುತ್ತಾನೆ.

ಮರುದಿನ ಗೆಳೆಯರು ತಮ್ಮ ಯುದ್ಧವನ್ನೇ ಮಾತಾಡಿಕೊಳ್ಳುತ್ತಿರುತ್ತಾರೆ. ಝ್ಯಾಂಡರ್ ಬಾಯಿ ಬಿಡುವುದಿಲ್ಲ. ಕಾರ್ಡೀಲಿಯಾ ಮತ್ತೆ ಚುಚ್ಚುತ್ತಾಳೆ, ಅವನು ನಕ್ಕು ಮುಂದೆ ನಡೆಯುತ್ತಾನೆ. ನೋಡಿದವರು ನಾವು ಮಾತ್ರ. ಈ ಗುಟ್ಟನ್ನು ಜೀವದಂತೆ ಕಾಪಾಡಿ.

ನನಗೆ ಕಾಪಾಡಲಾಗಲಿಲ್ಲ. ಕೂಡುಕುಟುಂಬದ ಧಾರಾವಾಹಿಯೊಂದರಲ್ಲಿ ಡ್ರೈವರ್ ಶಿವಣ್ಣನಿಗೆ ಒಂದು ರಾತ್ರಿ ಬರೆದಿದ್ದೆ. ಯಜಮಾನರು ಆಸ್ಪತ್ರೆಯಲ್ಲಿ, ಮಕ್ಕಳು ಉಯಿಲಿನ ಜಗಳದಲ್ಲಿ. ಮನೆಯಿಂದ ಕಾಫಿ ಫ್ಲಾಸ್ಕ್ ತರಲು ಹೋದ ಶಿವಣ್ಣ, ವ್ಯಾನು ಕೆಟ್ಟು ಯಶವಂತಪುರದಲ್ಲಿ ನಿಂತಿದ್ದ ವಾಲಗದವರನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾನೆ. ಡೋಲಿನವನು ವ್ಯಾನು ತಳ್ಳಲು ಹೋಗಿ ಕೈ ಉಳುಕಿಸಿಕೊಂಡಿದ್ದಾನೆ. ಆದ್ದರಿಂದ ನಸುಕಿನ ಮುಹೂರ್ತದಲ್ಲಿ, ಊರಿನಲ್ಲಿ ತಮಟೆ ಬಡಿದಿದ್ದ ಕೈಗಳಿಂದ, ಶಿವಣ್ಣನೇ ಗಟ್ಟಿಮೇಳ ನುಡಿಸುತ್ತಾನೆ. ನಿರ್ಮಾಪಕರ ಕಡೆಯವರು ಕೊನೆಗೊಂದು ದೃಶ್ಯ ಸೇರಿಸಿದರು: ಮನೆಮಂದಿಗೆಲ್ಲ ವಿಷಯ ತಿಳಿದು, ಶಾಲು ಹೊದಿಸಿ ಚಪ್ಪಾಳೆ. ನಟನ ಮುಖ ಆ ಕ್ಷಣದಲ್ಲಿ ಬರಿದಾಯಿತು. ಇಡೀ ಕಂತಿನಲ್ಲಿ ಅವನು ಕಾಯ್ದುಕೊಂಡು ಬಂದದ್ದನ್ನು ನಾವು ಕಸಿದುಕೊಂಡಿದ್ದೆವು.

ಈಗ ಕಲಿಸುವಾಗ ನನ್ನ ಮೊದಲ ಪ್ರತಿಯನ್ನೇ ಹಂಚುತ್ತೇನೆ. ಅದರಲ್ಲಿ ಶಿವಣ್ಣ ಆಸ್ಪತ್ರೆಯ ಕಾರಿಡಾರಿಗೆ ಬಂದು ಫ್ಲಾಸ್ಕ್ ಇಡುತ್ತಾನೆ. ಯಜಮಾನರ ಮಗಳು ಲೋಟಕ್ಕೆ ಬಗ್ಗಿಸಿಕೊಂಡು, “ಆರಿಹೋಗಿದೆಯಲ್ಲ ಶಿವಣ್ಣ” ಎನ್ನುತ್ತಾಳೆ. “ಬಿಸಿ ಮಾಡಿಸಿ ತರುತ್ತೇನಮ್ಮ” ಎಂದು ಅವನು ಫ್ಲಾಸ್ಕ್ ಎತ್ತಿಕೊಂಡು ತಿರುಗುತ್ತಾನೆ. ತಲೆಗೂದಲಲ್ಲಿ ಇನ್ನೂ ನಾಲ್ಕು ಅಕ್ಷತೆ ಕಾಳು.