ತಲೆಯಾಡಿಸಿ ಸುಮ್ಮನಾಗೋ ಮಗುವಿಗೆ ‘ಹಾಲಾ, ನೀರಾ?’

ಒಂದೂವರೆ-ಎರಡು ವರ್ಷದ ಮಗು ಎಲ್ಲಕ್ಕೂ ಬೆರಳು ತೋರಿಸಿ, ತಲೆಯಾಡಿಸಿ ಕೆಲಸ ಮುಗಿಸ್ತಿದ್ರೆ, ಬಾಯಿಂದ ಪದ ಹೊರಡಿಸೋಕೆ ‘ಹಾಲು ಬೇಕಾ?’ ಅನ್ನೋದು ಬಿಟ್ಟು ‘ಹಾಲು ಬೇಕಾ, ನೀರು ಬೇಕಾ?’ ಅಂತ ಕೇಳಿ. ಎರಡೂ ಲೋಟ ಕಾಣೋ ಹಾಗೆ ಹಿಡಿದು ಐದು ಸೆಕೆಂಡ್ ಸುಮ್ಮನೆ ಕಾಯಿರಿ. (ಕಷ್ಟ ಇರೋದೇ ಕಾಯೋದ್ರಲ್ಲಿ. ನಮ್ಮನೆ ಅಜ್ಜಿ ಎರಡನೇ ಸೆಕೆಂಡಿಗೇ ಹಾಲು ಕುಡಿಸಿರ್ತಾರೆ.) ಮೊದಲನೇ ಪ್ರಶ್ನೆಗೆ ತಲೆಯಾಡಿಸಿದ್ರೆ ಸಾಕು, ಎರಡನೇದಕ್ಕೆ ಬೆರಳು ತೋರಿಸಬೇಕು, ಇಲ್ಲಾ ಪದ ಹೇಳಬೇಕು, ಆ ಪದ ಈಗಷ್ಟೇ ಕಿವಿಗೆ ಬಿದ್ದಿರೋದ್ರಿಂದ ಹುಡುಕೋ ಶ್ರಮ ಇಲ್ಲ. ‘ಆಲು’ ಅಂದ್ರೂ ತಿದ್ದಬೇಡಿ, ‘ಹಾಲಾ? ಬಿಸಿ ಹಾಲು ತಗೋ’ ಅಂತ ಒಂದು ಪದ ಸೇರಿಸಿ ಕೊಟ್ಬಿಡಿ. ಮೂರು ವರ್ಷದವರು ‘ಕೊಡಿದೆ’ ಅಂದಾಗಲೂ ಅಷ್ಟೇ, ‘ಓ, ಕೊಟ್ಯಾ?’ ಅಂದ್ರೆ ಸಾಕು. ‘ಮಾಡಿದೆ, ಆಡಿದೆ’ ಜಾಡು ಹಿಡಿದೇ ಅವರು ‘ಕೊಡಿದೆ’ಗೆ ಬಂದಿರೋದು, ಅದು ಬುದ್ಧಿಯ ಗುರುತು. ಹಸಿವು, ನಿದ್ದೆ, ರಚ್ಚೆಯ ಹೊತ್ತಲ್ಲಿ ಇದು ನಡೆಯಲ್ಲ, ಮೊದಲು ಹಾಲು ಕೊಡಿ. ಚಿಕ್ಕವರು ಕೊನೆಗೆ ಕೇಳಿದ ಪದವನ್ನೇ ಒಪ್ಪಿಸೋದೂ ಉಂಟು: ಬಾಯಲ್ಲಿ ‘ನೀರು’, ಕೈ ಹಾಲಿನ ಲೋಟದ ಕಡೆ! ಆಗ ಕೈಯನ್ನೇ ನಂಬಿ, ಮುಂದಿನ ಸಲ ಕ್ರಮ ಅದಲುಬದಲು ಮಾಡಿ. ಕರೆದ್ರೆ ತಿರುಗಲ್ಲ, ಅಥವಾ ಎರಡು ತುಂಬಿದ್ರೂ ‘ಅಮ್ಮ ಬಾ’ ಥರ ಎರಡು ಪದ ಜೋಡಿಸಲ್ಲ ಅಂದ್ರೆ ಇಂಥ ಉಪಾಯ ನೆಚ್ಚಿ ಕೂರಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.